ನ್ಯಾಟ್ ಕಾವಲುಗಾರನಲ್ಲ

ಮನೆಯ ಬ್ರಾಡ್‌ಬ್ಯಾಂಡ್ ರೌಟರಿಗೆ ಎರಡು ಮುಖಗಳಿರುತ್ತವೆ: ಸೇವಾದಾತರ ತಂತಿ ಬಂದು ಸೇರುವ ವ್ಯಾನ್ ಎಂಬ ಹೊರಮುಖ, ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳು ಕೂಡಿಕೊಳ್ಳುವ ಲ್ಯಾನ್ ಎಂಬ ಒಳಮುಖ. ಒಳಮುಖದ ಸಾಧನಗಳಿಗೆ ಸಿಗುವ 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲಾದವು. ಅಂತರ್ಜಾಲದಲ್ಲಿ ಅವು ಸಲ್ಲದ ಕಾರಣ ರೌಟರು ಹೊರಹೋಗುವ ಪ್ರತಿಯೊಂದು ಪ್ಯಾಕೆಟ್ಟಿಗೂ ತನ್ನ ಹೊರಮುಖದ ವಿಳಾಸವನ್ನೇ ಹಚ್ಚುತ್ತದೆ, ಈ ಬದಲಾವಣೆಯೇ ನ್ಯಾಟ್. ಕೇಳದೆ ಬಂದ ಪ್ಯಾಕೆಟ್ಟು ಯಾವ ಸಾಧನಕ್ಕೆ ಸೇರಬೇಕೆಂಬುದು ಗೊತ್ತಾಗದೆ ಅಲ್ಲೇ ಬಿದ್ದುಹೋಗುವುದರಿಂದ ರಕ್ಷಣೆಗೆ ನ್ಯಾಟ್ ಇದ್ದರೆ ಸಾಕು ಎಂಬ ನಂಬಿಕೆ ಬೇರೂರಿದೆಯಾದರೂ, ಅದು ವಿಳಾಸಗಳ ಕೊರತೆಗೆ ಕಂಡುಕೊಂಡ ಉಪಾಯವೇ ಹೊರತು ಕಾವಲಲ್ಲ.

ಭಾರತದಲ್ಲಿ ಈಗಾಗಲೇ ವ್ಯಾಪಕವಾಗಿರುವ ಐಪಿವಿ6 ಎಂಬ ಹೊಸ ವಿಳಾಸ ವ್ಯವಸ್ಥೆಯಲ್ಲಿ ಪ್ರತಿ ಸಾಧನಕ್ಕೂ ಜಾಗತಿಕ ವಿಳಾಸವೇ ದೊರೆಯುವುದರಿಂದ ಈ ಆಕಸ್ಮಿಕ ರಕ್ಷಣೆ ಇಲ್ಲವಾಗುತ್ತದೆ. ಆಗ ಉಳಿಯುವುದು, ಒಳಗಿನಿಂದ ಆರಂಭವಾದ ಸಂಪರ್ಕಗಳನ್ನು ನೆನಪಿಟ್ಟುಕೊಂಡು ಅವುಗಳ ಉತ್ತರಗಳನ್ನಷ್ಟೇ ಒಳಬಿಡುವ ಫೈರ್‌ವಾಲ್ ಮಾತ್ರ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶದಲ್ಲಿ ಈ ತರ್ಕ ಕಣ್ಣಿಗೆ ಕಾಣುವಂತಿದೆ: ಮುಖಗಳನ್ನು ವಲಯಗಳಾಗಿ ವಿಂಗಡಿಸಿ, ಲ್ಯಾನ್ ವಲಯಕ್ಕೆ ಸ್ವೀಕಾರವನ್ನೂ ವ್ಯಾನ್ ವಲಯದಿಂದ ಬರುವುದಕ್ಕೆ ನಿರಾಕರಣೆಯನ್ನೂ ಅದು ಮೊದಲೇ ಬರೆದಿಟ್ಟಿರುತ್ತದೆ. ಇಷ್ಟಾಗಿಯೂ, ಆಟದ ಕನ್ಸೋಲೊ ಕ್ಯಾಮೆರಾವೊ ಕೋರಿದೊಡನೆ ಹೊರಗಿನವರಿಗೆ ಪೋರ್ಟ್ ತೆರೆದುಕೊಡುವ ಯುಪಿಎನ್‌ಪಿ ಎಂಬ ಸೌಲಭ್ಯ ಅನೇಕ ರೌಟರುಗಳಲ್ಲಿ ಚಾಲೂ ಸ್ಥಿತಿಯಲ್ಲೇ ಬರುತ್ತದೆ, ಮತ್ತು ಅದು ಸಾಮಾನ್ಯವಾಗಿ ಯಾರ ಪಾಸ್‌ವರ್ಡನ್ನೂ ಕೇಳುವುದಿಲ್ಲ.