ಭಾವನ ದೋಣಿಯ ಒಳಕಂಬ

ಅಲಮೀಡ, ಕ್ಯಾಲಿಫೋರ್ನಿಯಾ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಕ್ಕ, ಭಾವ, ಮಕ್ಕಳೂ ಆರಾಮ. ಗೋಲ್ಡನ್ ಗೇಟ್ ಸೇತುವೆಯ ಫೋಟೊಗಳನ್ನು ಅಮ್ಮನ ವಾಟ್ಸಾಪ್‌ಗೆ ಹಾಕಿದ್ದೇನೆ, ಅದನ್ನೇ ಇಲ್ಲಿ ಮತ್ತೆ ಬರೆಯುವುದಿಲ್ಲ. ಮರಗೆಲಸದ ಮಾತು ಬಂದರೆ ನಿಮಗೆ ಊಟದ ನೆನಪೂ ಇರುವುದಿಲ್ಲವಲ್ಲ, ಅದಕ್ಕೆ ಈ ಪತ್ರ ಪೂರ್ತಿ ಭಾವನ ಹಾಯಿದೋಣಿಗೆ ಮೀಸಲು.

ಅಲಮೀಡ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದ್ವೀಪ. ಮೊದಲು ಓಕ್‌ಲೆಂಡ್ ಕಡೆಯ ನೆಲಕ್ಕೇ ಸೇರಿತ್ತಂತೆ. 1902ರಲ್ಲಿ ಕಾಲುವೆ ತೋಡಿ ಮುಗಿಸಿದ ಮೇಲೆ ಬೇರೆಯಾಯಿತು. ಇಲ್ಲಿ ದೋಣಿ ರಿಪೇರಿಯ ಯಾರ್ಡುಗಳಿಗೆ ಬರವಿಲ್ಲ. ಭಾವ ಕೊಂಡದ್ದು ಮೂವತ್ತಡಿ ಉದ್ದದ, ಎಪ್ಪತ್ತರ ದಶಕದ ದೋಣಿ. ಬಹಳ ಅಗ್ಗಕ್ಕೆ ಸಿಕ್ಕಿತು ಎಂದು ಬೀಗುತ್ತಿದ್ದರು. ಯಾಕೆ ಅಗ್ಗ ಎಂಬುದು ಈಗ ಗೊತ್ತಾಗಿದೆ.

ದೋಣಿಯ ಮೈಯೆಲ್ಲ ಫೈಬರ್‌ಗ್ಲಾಸ್, ಅದು ಕೊಳೆಯುವುದಿಲ್ಲ. ಆದರೆ ಒಳಗೆ ಅಲ್ಲಲ್ಲಿ ಮರ ಹುದುಗಿದೆ. ಹಾಯಿ ಕಟ್ಟುವ ಅಲ್ಯೂಮಿನಿಯಂ ಕಂಬ ಇದರಲ್ಲಿ ತಳದವರೆಗೆ ಇಳಿಯುವುದಿಲ್ಲ, ಡೆಕ್ಕಿನ ಮೇಲೆಯೇ ನಿಲ್ಲುತ್ತದೆ. ಅದರ ನೇರ ಕೆಳಗೆ, ಕೋಣೆಯೊಳಗೆ, ತೇಗದ ಒಂದು ಕಂಬ ಭಾರವನ್ನು ತಳಕ್ಕೆ ದಾಟಿಸುತ್ತದೆ. ಹಾಯಿಕಂಬದ ತೂಕ ದೊಡ್ಡದಲ್ಲ. ಅದನ್ನು ನಾಲ್ಕೂ ಕಡೆಯಿಂದ ಬಿಗಿದಿರುವ ಸ್ಟೀಲ್ ತಂತಿಗಳದ್ದೇ ಒತ್ತಡ. ಕಾಲಿಂಚು ದಪ್ಪದ ತಂತಿಯನ್ನು ಅದರ ತಾಳಿಕೆಯ ಶೇ. 15ರಷ್ಟು ಬಿಗಿದರೂ ಒಂದರಲ್ಲೇ ಐದು ಕ್ವಿಂಟಾಲಿನ ಎಳೆತ. ಎಲ್ಲ ಸೇರಿ ಹಾಯಿಕಂಬವನ್ನು ಕೆಳಕ್ಕೆ ಅದುಮುತ್ತವೆ. ಮೇಲಿಂದ ಗಾಳಿ ಬೇರೆ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾಯುತ್ತದೆ, ಅಲ್ಲಿ ಬಿಸಿಗಾಳಿ ಮೇಲೇರಿದಂತೆ ಕಡಲಿನ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ನುಗ್ಗುತ್ತದೆ. ಮಧ್ಯಾಹ್ನ ಇಪ್ಪತ್ತು ಇಪ್ಪತ್ತೈದು ನಾಟ್ ಗಾಳಿ ಇಲ್ಲಿಯವರಿಗೆ ಮಾಮೂಲು.

ಮೊದಲು ಸುಳಿವು ಕೊಟ್ಟದ್ದು ಒಳಗಿನ ಕಕ್ಕಸಿನ ಬಾಗಿಲು. ಹಾಕಿದರೆ ತೆಗೆಯಲಾಗದು, ತೆಗೆದರೆ ಹಾಕಲಾಗದು. ಹಿಂದಿನ ಮಾಲೀಕರು ಯಾರೋ ಅದರ ಅಂಚಿಗೆ ತೋಪಡ ಹೊಡೆದು ಹೊಡೆದು ಸವೆಸಿದ್ದರು. ಭಾವನಿಗೆ ಇನ್ನೊಂದು ಅನುಮಾನ: ತಂತಿಗಳನ್ನು ಎಷ್ಟು ಬಿಗಿದರೂ ವಾರ ಕಳೆಯುವುದರೊಳಗೆ ಸಡಿಲ. ಡೆಕ್ಕಿನ ಮೇಲೆ ಪಟ್ಟಿ ಅಡ್ಡ ಇಟ್ಟು ನೋಡಿದರೆ ಹಾಯಿಕಂಬದ ಬುಡದಲ್ಲಿ ಕಣ್ಣಿಗೇ ಕಾಣುವಷ್ಟು ತಗ್ಗು. ತೇಗದ ಕಂಬ ಮಾತ್ರ ಪಾಲಿಶ್ ಹೊಡೆದು ಮದುವೆಮನೆಗೆ ಹೊರಟಂತಿತ್ತು.

ನೆಲದ ಹಲಗೆ ತೆಗೆದಾಗ ನಾನೂ ಅಲ್ಲಿದ್ದೆ. ತೇಗದ ಕಂಬ ಊರಿದ್ದು ಪ್ಲೈವುಡ್ ದಿಮ್ಮಿಯ ಮೇಲೆ. ದಿಮ್ಮಿಗೆ ಸುತ್ತಲೂ ಫೈಬರ್‌ಗ್ಲಾಸ್ ಹೊದಿಕೆ. ಯಾರ್ಡಿನ ಹಳೆಯ ಕೆಲಸಗಾರರೊಬ್ಬರು ಸುತ್ತಿಗೆಯಿಂದ ಕುಟ್ಟಿದರು, ಸದ್ದು ಮಂಕಾಗಿತ್ತು. ಹೊದಿಕೆ ಕೊಯ್ದು ದಬ್ಬಣ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಒಳಗಿನದನ್ನು ಚಮಚದಲ್ಲಿ ತೋಡಿ ತೆಗೆದೆವು: ಕಪ್ಪು ರಾಡಿ, ಹುಳಿ ನಾತ, ಪದರ ಪದರವಾಗಿ ಕಿತ್ತು ಬರುವ ಪ್ಲೈವುಡ್. ಕಂಬದ ಬುಡವೂ ನಾಲ್ಕು ಬೆರಳು ಎತ್ತರಕ್ಕೆ ಕುಂಬಾಗಿತ್ತು. ಅದಕ್ಕೇ ಕಂಬ ಕುಸಿದು, ಮೇಲಿನ ಡೆಕ್ ಕುಗ್ಗಿ, ಬಾಗಿಲು ಹಿಡಿಯುತ್ತಿತ್ತು, ತಂತಿಗಳು ಸಡಿಲವಾಗುತ್ತಿದ್ದವು.

ಇದನ್ನು ಕೊಳೆಸಿದ್ದು ಸಮುದ್ರವಲ್ಲ, ಮಳೆ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಉಪ್ಪುನೀರು ಒಗ್ಗುವುದಿಲ್ಲ, ಸಿಹಿನೀರು ಸಿಕ್ಕರೆ ಹಬ್ಬ. ಮರದ ತೇವ ಶೇ. 20ರ ಕೆಳಗಿದ್ದರೆ ಅದು ಬೆಳೆಯದು. ಇಲ್ಲಿ ಹಾಯಿಕಂಬದ ದೀಪಗಳ ವೈರ್ ಇಳಿಸಲು ಡೆಕ್ಕಿಗೆ ಕೊರೆದ ತೂತಿನಿಂದ ನೀರು ಒಸರಿ, ಕಂಬದ ಬೆನ್ನಿನಲ್ಲೇ ಇಳಿದು, ದಿಮ್ಮಿಯ ಹೊದಿಕೆಯೊಳಗೆ ಸೇರಿ ಅಲ್ಲೇ ನಿಂತಿದೆ. ನಮ್ಮ ಜಗಲಿಯ ಕಂಬಗಳನ್ನು ಅಜ್ಜ ಕಲ್ಲಿನ ಮೇಲೆ ನಿಲ್ಲಿಸಿದ್ದು ಬುಡ ಒಣಗಿರಲಿ ಎಂದಲ್ಲವೇ? ಇಲ್ಲಿ ಮರಕ್ಕೆ ಪ್ಲಾಸ್ಟಿಕ್ ಅಂಗಿ ತೊಡಿಸಿ ನೀರು ಸೇರುವ ಗುಂಡಿಯಲ್ಲೇ ಕೂರಿಸಿದ್ದಾರೆ. ನನಗಂತೂ ಇದು ದಡ್ಡತನವೆಂದೇ ಕಾಣುತ್ತದೆ.

ಕ್ರೇನ್ ತರಿಸಿ ಹಾಯಿಕಂಬ ಎತ್ತಿಸಿದರು. ಬುಡದಲ್ಲಿ ಕಿಲುಬು ಹಿಡಿದ ಒಂದು ಸೆಂಟಿನ ನಾಣ್ಯ! ಶುಭಕ್ಕೆಂದು ಇಡುತ್ತಾರಂತೆ. ಪದ್ಧತಿ ಬಲು ಹಳೆಯದು. 1962ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಕೆಸರಿನಲ್ಲಿ ಸಿಕ್ಕ ರೋಮನ್ ಹಡಗಿನ ಕಂಬದ ಗುಳಿಯಲ್ಲೂ ಡೊಮಿಷಿಯನ್ ಚಕ್ರವರ್ತಿಯ ನಾಣ್ಯವಿತ್ತು, ಅದರ ಮೇಲೆ ಚುಕ್ಕಾಣಿ ಹಿಡಿದ ಅದೃಷ್ಟದೇವತೆ.

ಮೊದಲು ಕುಗ್ಗಿದ ಡೆಕ್ಕನ್ನು ಎತ್ತಬೇಕಿತ್ತು. ಅಗಲ ಹಲಗೆಯ ಕೆಳಗೆ ಜಾಕಿ ಇಟ್ಟು ಒಂದಿಷ್ಟು ತಿರುಗಿಸುವುದು, ಬಿಡುವುದು, ಮತ್ತೆ ಬಂದು ಒಂದಿಷ್ಟು. ಅವಸರ ಮಾಡಿದರೆ ಡೆಕ್ ಬಿರುಕು ಬಿಡುತ್ತದೆ. ಕಕ್ಕಸಿನ ಬಾಗಿಲು ತಾನಾಗಿ ಮುಚ್ಚಿದ ದಿನ ಅಕ್ಕ ಪಾಯಸ ಮಾಡಿದಳು. ಹೊಸ ದಿಮ್ಮಿಗೆ ಮರವೇ ಇಲ್ಲ. ಗಾಜಿನ ಬಟ್ಟೆ ಮತ್ತು ಎಪಾಕ್ಸಿ ಒತ್ತಿ ಮಾಡಿದ ಗಟ್ಟಿ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ್ದು. ಅದನ್ನು ಮೊದಲಿಗಿಂತ ಎತ್ತರ ಮಾಡಿ, ಕಂಬದ ಕುಂಬು ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದರು. ತುಂಡಾದ ತುದಿ ನೀರು ಹೀರದಂತೆ ಎಪಾಕ್ಸಿ ಕುಡಿಸಿದರು, ತಳದ ನೀರು ಹರಿದುಹೋಗಲು ದಿಮ್ಮಿಯ ಅಡಿಯಲ್ಲಿ ಕೊಳವೆ ಬಿಟ್ಟರು. ಗಾಜಿನ ಪುಡಿಯ ತುರಿಕೆಗೆ ಭಾವ ರಾತ್ರಿಯೆಲ್ಲ ಕೈ ಕೆರೆದುಕೊಂಡರು.

ನನ್ನ ಲೆಕ್ಕದಲ್ಲಿ ನಿಜವಾದ ರಿಪೇರಿ ಇದ್ದದ್ದು ಮೇಲೆ. ಡೆಕ್ಕಿನ ಬೋಲ್ಟ್ ತೂತುಗಳನ್ನು ಹಿಗ್ಗಿಸಿ, ಗಟ್ಟಿ ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ಮಧ್ಯದಲ್ಲಿ ಹೊಸ ತೂತು ಕೊರೆದರು. ಇನ್ನು ನೀರು ಇಳಿದರೂ ಡೆಕ್ಕಿನೊಳಗೆ ಹುದುಗಿದ ಮರಕ್ಕೆ ತಾಗದು. ವೈರ್ ಬರುವಲ್ಲಿ ಡೆಕ್ಕಿಗಿಂತ ಎತ್ತರಕ್ಕೆ ಕೊಳವೆ ನಿಲ್ಲಿಸಿದರು. ಇದನ್ನು ಮಾಡದೆ ಕೆಳಗೆ ಏನು ಹಾಕಿದರೂ ದುಡ್ಡು ದಂಡ.

ಹಾಯಿಕಂಬ ನಿಲ್ಲಿಸಲು ಬುಧವಾರ ಕ್ರೇನ್ ಸಿಗಲಿದೆ. ಗಾಳಿ ಏಳುವ ಮುನ್ನ, ಬೆಳಿಗ್ಗೆಯೇ ಮುಗಿಸಬೇಕು.

ಅಂದ ಹಾಗೆ, ಕೊಟ್ಟಿಗೆಯ ಬಾಗಿಲು ಹಿಡಿಯುತ್ತಿದೆ, ಬಡಗಿಯನ್ನು ಕರೆಸಬೇಕು ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ತೋಪಡ ಹಾಕಿಸುವ ಮೊದಲು ಆ ಮೂಲೆಯ ಕಂಬದ ಬುಡಕ್ಕೆ ಒಮ್ಮೆ ದಬ್ಬಣ ಚುಚ್ಚಿ ನೋಡಿ. ಮೇಲಿನ ಹೆಂಚೂ ನೋಡಿಸಿ, ಮಳೆಗಾಲ ಹತ್ತಿರ ಬಂತು.

ನಿಮ್ಮ ಮಗಳು