ಯಾರಿಗೂ ಹೇಳಬೇಡ ಎಂದವನು ನಾನು

ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ (ಸಿ.ಎಫ್.) ಇದೆ ಎಂಬುದನ್ನು ನಾನು ವರ್ಷಗಟ್ಟಲೆ ಬಚ್ಚಿಟ್ಟೆ. ಔಷಧಿಗೆ ದುಡ್ಡು ಹೊಂದಿಸುತ್ತಿದ್ದೆ, ತಪಾಸಣೆಗೆಂದು ದಾವಣಗೆರೆಯಿಂದ ಬೆಂಗಳೂರಿಗೆ ತಪ್ಪದೆ ಕರೆದೊಯ್ಯುತ್ತಿದ್ದೆ, ರಾತ್ರಿ ಕೆಮ್ಮು ಏರಿದರೆ ಬೆನ್ನು ತಟ್ಟುತ್ತ ಕೂರುತ್ತಿದ್ದೆ. ಅಪ್ಪನಾದವನು ಇನ್ನೇನು ಮಾಡಬೇಕು ಎಂಬ ಸಮಾಧಾನವೂ ಇತ್ತು. ಆದರೆ ಈ ಕಾಯಿಲೆಯ ಆರೈಕೆ ಆಸ್ಪತ್ರೆಯಲ್ಲಿ ನಡೆಯುವುದು ಕಡಿಮೆ. ಊಟದ ತಟ್ಟೆ, ನೀರಿನ ಬಾಟಲಿ, ಶಾಲೆಯ ಚೀಲ, ಉಪ್ಪಿನ ಡಬ್ಬಿ, ಇವುಗಳ ಸುತ್ತಲೇ ಅದು ದಿನವಿಡೀ ನಡೆಯಬೇಕು. ಅಲ್ಲೆಲ್ಲ ನಾಲ್ಕು ಜನರ ಕಣ್ಣು ಬೀಳುತ್ತದೆ. ಆ ಕಣ್ಣುಗಳಿಗೆ ಅಂಜಿ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ತಿಳಿಯುವುದಕ್ಕೇ ಬಹಳ ಕಾಲ ಹಿಡಿದಿತ್ತು. ಕೂಸು ಎಷ್ಟು ತಿಂದರೂ ಮೈ ಹಿಡಿಯುತ್ತಿರಲಿಲ್ಲ. ಮಲ ಜಿಡ್ಡುಜಿಡ್ಡು, ವಿಪರೀತ ನಾತ. ಮಳೆಗಾಲ ಮುಗಿದರೂ ಕೆಮ್ಮು ಮುಗಿಯುತ್ತಿರಲಿಲ್ಲ. ಒಬ್ಬ ವೈದ್ಯರು ಅಸ್ತಮಾ ಎಂದರು, ಇನ್ನೊಬ್ಬರು ಪ್ರೈಮರಿ ಕಾಂಪ್ಲೆಕ್ಸ್ ಎಂದು ಕ್ಷಯದ ಔಷಧಿ ಶುರು ಮಾಡಿದರು. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು. ನನ್ನ ಅವ್ವ ಮಾತ್ರ, "ಈ ಕೂಸಿಗೆ ಮುತ್ತು ಕೊಟ್ರೆ ತುಟಿಗೆ ಉಪ್ಪು ಹತ್ತುತ್ತೆ ನೋಡು" ಎನ್ನುತ್ತಿದ್ದಳು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಕೊನೆಗೆ ಬೆಂಗಳೂರಿನಲ್ಲಿ ಮಾಡಿದ ಪರೀಕ್ಷೆ ಅಳೆದದ್ದು ಅವ್ವ ಹೇಳಿದ್ದನ್ನೇ. ತೋಳಿನ ಮೇಲೆ ಔಷಧಿ ಇಟ್ಟು, ಸಣ್ಣಗೆ ವಿದ್ಯುತ್ ಹಾಯಿಸಿ ಬೆವರು ಬರಿಸುತ್ತಾರೆ. ಆ ಬೆವರಿನಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಿ.ಎಫ್. ಎಂದು ಹಿಡಿಯುತ್ತಾರೆ. ಮಗಳ ಬೆವರು ಆ ಗೆರೆಯನ್ನು ಎಷ್ಟೋ ದಾಟಿತ್ತು.

ವೈದ್ಯರು ಚಿತ್ರ ಬರೆದು ವಿವರಿಸಿದರು. ಏಳನೇ ವರ್ಣತಂತುವಿನಲ್ಲಿ ಸಿ.ಎಫ್.ಟಿ.ಆರ್. ಎಂಬ ಜೀನ್ ಇದೆ, 1989ರಲ್ಲಿ ಅದನ್ನು ಗುರುತಿಸಿದರು. ಜೀವಕೋಶಗಳಲ್ಲಿ ಕ್ಲೋರೈಡ್ ಓಡಾಡುವ ದಾರಿಯನ್ನು ರೂಪಿಸುವುದು ಅದರ ಕೆಲಸ. ಅದು ಕೆಟ್ಟರೆ ಶ್ವಾಸಕೋಶದ ಕಫ ಗೋಂದಿನಂತೆ ಅಂಟಾಗಿ ಸೋಂಕು ನೆಲೆಯೂರುತ್ತದೆ, ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು ಜಿಡ್ಡು ಜೀರ್ಣವಾಗುವುದಿಲ್ಲ, ಬೆವರಿನೊಂದಿಗೆ ಉಪ್ಪು ಸೋರಿಹೋಗುತ್ತದೆ. ಅಪ್ಪ ಅಮ್ಮ ಇಬ್ಬರೂ ಕೆಟ್ಟ ಜೀನಿನ ಒಂದೊಂದು ಪ್ರತಿಯನ್ನು ಹೊತ್ತ ವಾಹಕರಾಗಿದ್ದರೆ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತಾರೆ.

ನನ್ನ ಕಿವಿ ಅಲ್ಲಿಗೇ ನಿಂತಿತು. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ನಮ್ಮ ಕಡೆ ಇದು ಹೊಸದೇನಲ್ಲ, ಆಸ್ತಿ ಮನೆಯಲ್ಲೇ ಉಳಿಯುತ್ತದೆ, ಹೆಣ್ಣು ಗೊತ್ತಿದ್ದ ಮನೆಗೇ ಹೋಗುತ್ತಾಳೆ ಎಂದು ಹಿರಿಯರು ಕೂಡಿಸಿದ ಮದುವೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಒಂದೇ ಹಿರಿಯರಿಂದ ಇಳಿದುಬಂದ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಸೇರುವ ಸಾಧ್ಯತೆ ಹೆಚ್ಚು, ನಿಜ. ಆದರೆ ಯುರೋಪ್ ಮೂಲದ ಜನರಲ್ಲಿ ಸುಮಾರು 25 ಮಂದಿಗೆ ಒಬ್ಬರು ವಾಹಕರು, ಅಲ್ಲಿ ಒಬ್ಬರಿಗೊಬ್ಬರು ಏನೂ ಸಂಬಂಧವಿಲ್ಲದ ದಂಪತಿಗೂ ಇಂಥ ಮಕ್ಕಳು ಹುಟ್ಟುತ್ತಾರೆ ಎಂದೂ ವೈದ್ಯರು ಹೇಳಿದ್ದರು. ಅದು ನನ್ನ ತಲೆಗೆ ಹೋಗಲೇ ಇಲ್ಲ. ತಮ್ಮನಿಗೆ ಹೆಣ್ಣು ನೋಡುತ್ತಿದ್ದರು. ಮಗಳೂ ಮುಂದೊಂದು ದಿನ ಮದುವೆಯಾಗಬೇಕಾದವಳು. ಬಸ್ಸಿನಲ್ಲಿ ಹೆಂಡತಿಗೆ ಹೇಳಿದೆ: "ಯಾರಿಗೂ ಹೇಳಬೇಡ. ಅಸ್ತಮಾ ಅಂತಲೇ ಇರಲಿ."

ಬಚ್ಚಿಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದಷ್ಟೇ ತಿಳಿದಿದ್ದೆ. ಅದಕ್ಕೆ ದಿನನಿತ್ಯ ದುಡಿಯಬೇಕಾಗುತ್ತದೆ. ಬೆಳಿಗ್ಗೆ ನೆಬ್ಯುಲೈಸರಿನಲ್ಲಿ ಗಾಢ ಉಪ್ಪುನೀರಿನ ಆವಿ, ಆಮೇಲೆ ಎದೆಯ ಫಿಸಿಯೊ, ನೀರು ತುಂಬಿದ ಬಾಟಲಿಗೆ ಕೊಳವೆಯಿಂದ ಗುಳುಗುಳು ಊದಿ ಕಫ ಸಡಿಲಿಸುವುದು, ಸಂಜೆ ಮತ್ತೆ ಅದೇ. ನೆಬ್ಯುಲೈಸರಿನ ಕಪ್ಪನ್ನು ಪ್ರತಿಸಲ ತೊಳೆದು, ಕುದಿಸಿ, ಗಾಳಿಗೆ ಪೂರ್ತಿ ಒಣಗಿಸಬೇಕು. ಆದರೆ ಬಾಗಿಲು ಬಡಿದ ಸದ್ದಾದರೆ ಸಾಕು, ಹಸಿ ಕಪ್ಪನ್ನೇ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ತುರುಕುತ್ತಿದ್ದೆ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಕ್ಕೆ ಇಂಥ ಪಸೆಯೇ ಪ್ರಿಯ, ಅದು ಸಿ.ಎಫ್. ಶ್ವಾಸಕೋಶದ ಹಳೆಯ ಶತ್ರು. ಒಮ್ಮೆ ಕಫದಲ್ಲಿ ಅದು ಕಾಣಿಸಿಕೊಂಡು, 28 ದಿನ ದಿನಕ್ಕೆರಡು ಸಲ ಟೊಬ್ರಾಮೈಸಿನ್ ಆವಿ ಕೊಡಬೇಕಾಯಿತು. ಆ ಕಪ್ಪಿನಿಂದಲೇ ಬಂತೆಂದು ಯಾರೂ ಸಾಧಿಸಲಾರರು. ನನಗೆ ಮಾತ್ರ ಅನುಮಾನ ಇವತ್ತಿಗೂ ಹೋಗಿಲ್ಲ.

ಶಾಲೆಯದು ಇನ್ನೊಂದು ಕಥೆ. ಜಿಡ್ಡಿರುವ ಏನನ್ನೇ ತಿನ್ನಲಿ, ಜೊತೆಗೆ ಎಂಜೈಮ್ ಕ್ಯಾಪ್ಸುಲ್ ಬೇಕೇ ಬೇಕು. ಇಲ್ಲವಾದರೆ ತಿಂದದ್ದು ಮೈಗೆ ಹತ್ತದೆ ಹೊರಬೀಳುತ್ತದೆ, ಎ, ಡಿ, ಇ, ಕೆ ಜೀವಸತ್ವಗಳೂ ಅದರೊಟ್ಟಿಗೇ ಹೋಗುತ್ತವೆ. ಈ ಮಕ್ಕಳಿಗೆ ಬೆಣ್ಣೆ ತುಪ್ಪ ಕಡಿಮೆ ಮಾಡುವಂತಿಲ್ಲ, ಹೆಚ್ಚು ಕೊಟ್ಟು ಕ್ಯಾಪ್ಸುಲಿನಿಂದ ಅರಗಿಸಬೇಕು. "ಯಾರೂ ನೋಡದ ಹಾಗೆ ನುಂಗು" ಎಂದು ಮಗಳಿಗೆ ಕಲಿಸಿದೆ. ಅವಳು ಜಾಣೆ, ಯಾರೂ ನೋಡಬಾರದೆಂದರೆ ನುಂಗದಿರುವುದೇ ಸುಲಭ ಎಂದು ಕಂಡುಕೊಂಡಳು. ತೂಕ ಇಳಿದಾಗ ಹೆಂಡತಿ ಅವಳ ಜ್ಯಾಮಿಟ್ರಿ ಡಬ್ಬಿ ತೆರೆದು ನೋಡಿದರೆ ಒಳಗೆ ಕ್ಯಾಪ್ಸುಲ್‌ಗಳು ಬಿದ್ದಿದ್ದವು. ನಾನು ಮಗಳಿಗೆ ಬೈದೆ. ಬೈಸಿಕೊಳ್ಳಬೇಕಾದವನು ಯಾರೆಂದು ಹೆಂಡತಿಗೆ ಗೊತ್ತಿತ್ತು, ಹೇಳಲಿಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮಗಳು ಮೂರನೇ ತರಗತಿ ಮುಗಿಸಿದ ಮೇ ತಿಂಗಳಲ್ಲಿ ಬಳ್ಳಾರಿ ಕಡೆ ನೆಂಟರ ಮದುವೆ. ಅಲ್ಲಿನ ಮೇ ಬಿಸಿಲು ಗೊತ್ತಿದ್ದವರಿಗೆ ಗೊತ್ತು. ಕ್ಯಾಪ್ಸುಲ್, ಉಪ್ಪು ಬೆರೆಸಿದ ನೀರಿನ ಬಾಟಲಿ ಎಲ್ಲವನ್ನೂ ತಂಗಿದ್ದ ಕೋಣೆಯ ಸೂಟ್‌ಕೇಸಿನಲ್ಲಿ ಬಿಟ್ಟು ಛತ್ರಕ್ಕೆ ಹೋದೆವು, ಹಾಗೆ ಬಿಡಿಸಿದವನು ನಾನು. ಒಂದು ದಿನಕ್ಕೆ ಏನಾಗುತ್ತದೆ? ಮಗಳು ಮಕ್ಕಳ ಜೊತೆ ಅಂಗಳದಲ್ಲಿ ಕುಣಿದಳು, ಬೆವರಿದಳು, ಹೋಳಿಗೆ ತುಪ್ಪ ಉಂಡಳು. ಸಂಜೆಯ ಹೊತ್ತಿಗೆ ವಾಂತಿ. ಆಮೇಲೆ ಕತ್ತು ನಿಲ್ಲದಷ್ಟು ನಿಶ್ಶಕ್ತಿ. ಹತ್ತಿರದ ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಓಡಿದೆವು, ಹಿಂದೆ ನೆಂಟರ ದಂಡು.

ವೈದ್ಯರು ಕೇಳಿದರು, "ಮೊದಲಿಂದ ಏನಾದರೂ ಕಾಯಿಲೆ ಇದೆಯಾ?" ಸುತ್ತ ಚಿಕ್ಕಪ್ಪ, ಅತ್ತೆ, ತಮ್ಮನಿಗೆ ನೋಡಿದ್ದ ಹೆಣ್ಣಿನ ಕಡೆಯವರು. "ಏನಿಲ್ಲ ಡಾಕ್ಟ್ರೇ, ಬಿಸಿಲಿಗೆ ಹೀಗಾಗಿದೆ, ಸ್ವಲ್ಪ ಅಸ್ತಮಾ ಅಷ್ಟೇ" ಎಂದೆ. ಪ್ರಜ್ಞೆ ಜಾರುತ್ತಿದ್ದ ಮಗುವನ್ನು ತೋಳಿನಲ್ಲಿಟ್ಟುಕೊಂಡು ಹಾಗೆಂದೆ. ಆಗ ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಎಲ್ಲರೆದುರೇ ಕಾಯಿಲೆಯ ಪೂರ್ತಿ ಹೆಸರು ಹೇಳಿದಳು. "ಬೆವರಲ್ಲಿ ಉಪ್ಪು ಹೋಗುತ್ತೆ ಸಾರ್, ಮೊದಲು ಸೋಡಿಯಂ ನೋಡಿ" ಎಂದಳು. ರಕ್ತದಲ್ಲಿ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಮೂರೂ ಕುಸಿದಿದ್ದವು. ವೈದ್ಯರು ಬೆಂಗಳೂರಿಗೆ ಫೋನು ಮಾಡಿ ಮಾತಾಡಿ, ಡ್ರಿಪ್ ಹಾಕಿ ರಾತ್ರಿಯಿಡೀ ನೋಡಿಕೊಂಡರು. ಮಗಳು ಉಳಿದಳು.

1948ರಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಎದ್ದಾಗ, ಬಿಸಿಲಿಗೆ ಕುಸಿದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಸಿ.ಎಫ್. ಇದ್ದವರೇ ಎದ್ದು ಕಾಣುವಷ್ಟು ಇದ್ದರಂತೆ. ಪಾಲ್ ಡಿ ಸಾಂಟ್ ಆನ್ಯೇಸೆ ಎಂಬ ಮಕ್ಕಳ ವೈದ್ಯರು ಆ ಜಾಡು ಹಿಡಿದು ಹೋಗಿ, ಇವರ ಬೆವರಿನಲ್ಲಿ ಉಪ್ಪು ಅತಿಯಾಗಿದೆ ಎಂದು 1953ರಲ್ಲಿ ತೋರಿಸಿಕೊಟ್ಟರು. ಬೆವರು ಪರೀಕ್ಷೆ ಹುಟ್ಟಿದ್ದೇ ಅದರಿಂದ. ಅಂದರೆ ನಮ್ಮ ಮೇಲೆ ಬಂದದ್ದು ಅಪರೂಪದ ಆಪತ್ತಲ್ಲ, ಈ ಕಾಯಿಲೆಯ ಮೊದಲ ಪಾಠಗಳಲ್ಲೇ ಬರುವಂಥದ್ದು. ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. ನೀರಿನ ಜೊತೆ ಉಪ್ಪೂ ಹೊರಟುಹೋಗುವುದರಿಂದ ಈ ಮಕ್ಕಳಿಗೆ ಬಾಯಾರಿಕೆಯ ಅರಿವು ಸರಿಯಾಗಿ ಆಗುವುದಿಲ್ಲ. ಕೇಳಿದಾಗ ಕೊಡೋಣ ಎಂದು ಕಾದರೆ ಮಗು ಕೇಳುವುದೇ ಇಲ್ಲ.

ಗುಟ್ಟು ಬಯಲಾದ ಮೇಲೆ ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ತಮ್ಮನಿಗೆ ಕೂಡಿಬಂದಿದ್ದ ಸಂಬಂಧ ಮುರಿಯಿತು. "ಮಾವನ ಮಗಳನ್ನು ತಂದದ್ದಕ್ಕೇ ಹೀಗಾಯಿತು" ಎಂದು ಹೆಂಡತಿಯ ಕಿವಿಗೆ ಬೀಳುವಂತೆ ಆಡಿದವರೂ ಇದ್ದರು. ಕೆಟ್ಟ ಜೀನಿನ ಅರ್ಧ ಪಾಲು ನನ್ನದೇ ಎಂದು ನಾನು ಬಾಯಿಬಿಟ್ಟು ಹೇಳುವವರೆಗೆ ಆ ಮಾತು ನಿಲ್ಲಲಿಲ್ಲ. ಅದನ್ನು ಮೊದಲ ದಿನವೇ ಹೇಳಬೇಕಿತ್ತು. ನಾನು ಸುಮ್ಮನಿದ್ದಷ್ಟು ಕಾಲವೂ ತಪ್ಪು ಅವಳೊಬ್ಬಳ ಮೇಲೆ ಬೀಳಲು ಬಿಟ್ಟಿದ್ದೆ.

ಅದೇ ಹೊತ್ತಿಗೆ ಬೇರೆ ಬಾಗಿಲುಗಳು ತೆರೆದವು. ತರಗತಿಯ ಟೀಚರು ಊಟದ ಹೊತ್ತಿಗೆ ಕ್ಯಾಪ್ಸುಲ್ ನೆನಪಿಸುತ್ತಾರೆ, ನೀರಿಗೆ, ಶೌಚಕ್ಕೆ ಕೈ ಎತ್ತಿದರೆ ಸಾಕು ಕಳಿಸುತ್ತಾರೆ. ಕೆಮ್ಮು ಅಂಟುತ್ತದೆ ಎಂದು ದೂರಿದ ಪೋಷಕರಿಗೆ, ಸಿ.ಎಫ್. ಅಂಟುಜಾಡ್ಯವಲ್ಲ, ನಿಮ್ಮ ಮಕ್ಕಳ ನೆಗಡಿಯೇ ಇವಳಿಗೆ ಅಪಾಯ ಎಂದು ತಿಳಿಸಿ ಹೇಳಿದರು. ಅಂತರ ಕಾಯಬೇಕಾದದ್ದು ಸಿ.ಎಫ್. ಇರುವ ಇಬ್ಬರ ನಡುವೆ, ಕನಿಷ್ಠ ಎರಡು ಮೀಟರ್, ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟದಿರಲೆಂದು. ಬಿ.ಪಿ. ಎಂದು ಉಪ್ಪು ಬಿಟ್ಟ ಅವ್ವ ಮೊಮ್ಮಗಳ ಮಜ್ಜಿಗೆಗೆ ತಾನೇ ಉಪ್ಪು ಹಾಕಿಕೊಡುತ್ತಾಳೆ. ತಮ್ಮನಿಗೆ ಬೇರೆ ಕಡೆ ಮದುವೆಯಾಯಿತು. ಅದಕ್ಕೆ ಮೊದಲು ಅವನು ವಾಹಕ ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶವನ್ನು ಹೆಣ್ಣಿನ ಕಡೆಯವರ ಮುಂದಿಟ್ಟ. ನಾನು ಗುಟ್ಟು ಮಾಡಿದ್ದು ಅವನ ಹಿತಕ್ಕೆಂದು, ಅವನಿಗೆ ಬೇಕಾಗಿದ್ದದ್ದು ಈ ತಿಳಿವಳಿಕೆ.

ಕೆಟ್ಟ ಪ್ರೋಟೀನನ್ನೇ ಸರಿದಾರಿಗೆ ತರುವ ಮೂರು ಔಷಧಿಗಳ ಜೋಡಣೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅಲ್ಲಿ ಅದರ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮೇಲೆ, ಎಲ್ಲ ಬಗೆಯ ಜೀನ್ ದೋಷಕ್ಕೂ ಅದು ಒದಗುವುದಿಲ್ಲ. ನಮ್ಮಂಥವರ ಕೈಗೆ ಅದು ಎಂದು ಸಿಗುತ್ತದೋ, ಅಲ್ಲಿಯವರೆಗೆ ಮಗಳನ್ನು ಕಾಯುವುದು ಉಪ್ಪು, ಕ್ಯಾಪ್ಸುಲ್, ಆವಿ, ಫಿಸಿಯೊ, ಒಣಗಿದ ಕಪ್ಪು, ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಇವುಗಳಲ್ಲಿ ಒಂದನ್ನೂ ಕದ್ದುಮುಚ್ಚಿ ನೆಟ್ಟಗೆ ಮಾಡಲಾಗುವುದಿಲ್ಲ.

ಮನೆಯಲ್ಲಿ ಇಂಥ ಮಗುವಿರುವವರಲ್ಲಿ ನನ್ನದೊಂದು ಬೇಡಿಕೆ. ಕಾಯಿಲೆಯ ಪೂರ್ತಿ ಹೆಸರು, ಔಷಧಿಗಳ ಪಟ್ಟಿ, ನಿಮ್ಮ ವೈದ್ಯರ ಫೋನ್ ನಂಬರು, "ಬಿಸಿಲಿನಲ್ಲಿ ಸುಸ್ತಾದರೆ ರಕ್ತದ ಸೋಡಿಯಂ, ಕ್ಲೋರೈಡ್ ನೋಡಿ" ಎಂಬ ಒಂದು ಸಾಲು, ಇಷ್ಟನ್ನು ಕಾಗದದಲ್ಲಿ ಬರೆದು ಮಗುವಿನ ಚೀಲದಲ್ಲಿಡಿ. ಒಂದು ಪ್ರತಿಯನ್ನು ಶಾಲೆಗೆ ಕೊಡಿ, ಒಂದನ್ನು ಅಜ್ಜಿಗೆ ಓದಿ ಹೇಳಿ. ಬೇಸಿಗೆ ಶುರುವಾಗುವ ಮೊದಲೇ ಇದನ್ನು ಮಾಡಿ.