‘ಹಾಲು’ ‘ಹಾಳು’ ಆಗದಿರಲಿ

ಟಿಟ್ವಾಳಾ ಕಡೆಯ ನಮ್ಮ ಮಕ್ಕಳು ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಮಾತಾಡುತ್ತಾರೆ. ಊರಿನ ಅಜ್ಜಿಗೆ ನಾಲ್ಕು ಸಾಲು ಬರೆಯಿರಿ ಎಂದರೆ ಮಾತ್ರ ಮುಖ ತಿರುಗಿಸುತ್ತಾರೆ. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್, ಮರಾಠಿ. ಅಜ್ಜಿಗೆ ಓದಲು ಬರುವುದು ಕನ್ನಡವೊಂದೇ.

ಗಣಕಯಂತ್ರದಲ್ಲಿ ಕನ್ನಡ ಬರೆಯುವುದೂ ಒಂದು ಕಾಲಕ್ಕೆ ಪೇಚಾಟವೇ ಆಗಿತ್ತು. ಕೀಲಿಮಣೆಯಲ್ಲಿ ಇಂಗ್ಲಿಷಿನ 26 ಅಕ್ಷರಗಳು, ನಮ್ಮ ವರ್ಣಮಾಲೆಯಲ್ಲಿ 49. ಅದರ ಮೇಲೆ ಕಾಗುಣಿತ, ಒತ್ತಕ್ಷರ ಬೇರೆ! ಮುಂಬಯಿಯಲ್ಲಿ ದುಡಿದಿದ್ದ ಕೆ. ಪಿ. ರಾವ್ ಅವರು ಆ 26 ಕೀಲಿಗಳಲ್ಲೇ ಕನ್ನಡವನ್ನು ಕೂರಿಸಿದರು. ಆ ವಿನ್ಯಾಸವೇ ಮುಂದೆ ‘ನುಡಿ’ ತಂತ್ರಾಂಶದಲ್ಲಿ ಬಳಕೆಗೆ ಬಂತು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಸಿದ್ಧಪಡಿಸಿ, ಉಚಿತವಾಗಿ ಹಂಚಿದರು.

‘ಬರಹ’ದ ಕ್ರಮ ಸರಳ. ಎ, ಎಂ, ಎಂ, ಎ ಒತ್ತಿದರೆ ತೆರೆಯ ಮೇಲೆ ‘ಅಮ್ಮ’. ಒತ್ತು ಜೋಡಿಸುವುದು ಯಂತ್ರದ ಕೆಲಸ, ಉಚ್ಚಾರ ತಿಳಿದಿರಬೇಕಾದದ್ದು ನಮ್ಮ ಕೆಲಸ. ಚಿಕ್ಕ ಎಲ್ ಒತ್ತಿದರೆ ‘ಲ’, ದೊಡ್ಡ ಎಲ್ ಒತ್ತಿದರೆ ‘ಳ’. ಬೆರಳು ತಪ್ಪಿದರೆ ‘ಹಾಲು’ ‘ಹಾಳು’ ಆದೀತು! ಮಕ್ಕಳೇ, ನಿಮಗೆ ಈ ಭೇದ ಹೊಸದಲ್ಲ. ಮರಾಠಿಯಲ್ಲೂ ‘ಳ’ ಇದೆ, ನಮ್ಮ ಟಿಟ್ವಾಳಾದ ಹೆಸರಿನಲ್ಲೇ ಇದೆ.

ಈಗ ಮೊಬೈಲಿನಲ್ಲೂ ಹೀಗೆ ಬರೆಯಬಹುದು. ಆದರೆ ಮೂಡಿದ ಅಕ್ಷರ ಸರಿಯೇ ಎಂದು ನೋಡಲು ಓದು ಬರಲೇಬೇಕು. ದಿನಕ್ಕೊಂದು ಸಾಲು ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಊರಿಗೆ ಕಳಿಸಿ. ಕಿವಿಗೆ ಪರಿಚಯವಿರುವ ಮಾತು ಕಣ್ಣಿಗೂ ಪರಿಚಯವಾಗುತ್ತದೆ.